ಘಟ್ಟದ ಕೆಳಗಿನ ಬಂದರುಗಳು

ಕಳೆದ ಚಳಿಗಾಲದ ಒಂದು ರಾತ್ರಿ, ಇಟಲಿಯ ಪಾದುವಾದಲ್ಲಿ ಓದುತ್ತಿರುವ ಗೆಳತಿ ಒಂದು ವಿಡಿಯೋ ಕಳಿಸಿದಳು. ವೆನಿಸ್ಸಿನ ಲಿಡೋ ದ್ವೀಪದಿಂದ ಹೊರಟು, ಪೆಲೆಸ್ತ್ರೀನಾ ದಾಟಿ, ಕಿಯೋಜಾ ಎಂಬ ಹಳೆಯ ಬಂದರು ಊರಿಗೆ ಫೆರಿಯಲ್ಲಿ ಹೋಗುವ ದಾರಿ ಅದು. ಬೂದು ಬಣ್ಣದ ನೀರು, ದೂರದಲ್ಲಿ ಒಂದು ಗಂಟೆಗೋಪುರ, ಮೀನುದೋಣಿಗಳ ಸಾಲು. ಕೊನೆಗೆ ಅವಳ ದನಿ: “ನಿನ್ನ ನಿಕೊಲೊ ಕೊಂಟಿಯ ಊರು ಇದೇ ನೋಡು. ನೀನು ಯಾವಾಗ ಬರ್ತೀಯ?”

ಹದಿನೈದನೇ ಶತಮಾನದಲ್ಲಿ ವಿಜಯನಗರವನ್ನು ಕಂಡು ಹೋದ ನಿಕೊಲೊ ಕೊಂಟಿ ಕಿಯೋಜಾದವನು. ಅವನ ಹೆಸರು ನನ್ನ ಸಂಶೋಧನೆಯ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಕನ್ನಡ ಕರಾವಳಿಯ ಹಳೆಯ ಬಂದರುಗಳ ಬಗ್ಗೆ ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಆ ವಿಡಿಯೋವನ್ನು ನಾನು ನೋಡಿದ್ದು ಮೇಗುಂದದ ನಮ್ಮ ಮನೆಯ ಅಂಗಳದ ಮೂಲೆಯಲ್ಲಿ ನಿಂತು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ನೋಡಿ ಮುಗಿಸಿದಾಗ ಮೊದಲು ಅನ್ನಿಸಿದ್ದು ಹೊಟ್ಟೆಕಿಚ್ಚು. ಆಮೇಲೆ ನಾಚಿಕೆಯಾಯಿತು. ಆ ಊರುಗಳಿಂದ ಜನ ವರ್ಷಗಟ್ಟಲೆ ಪ್ರಯಾಣ ಮಾಡಿ ನಮ್ಮ ಬಂದರುಗಳಿಗೆ ಬಂದಿದ್ದರು. ಆಗುಂಬೆ ಇಳಿದರೆ ಅರ್ಧ ದಿನದಲ್ಲಿ ತಲುಪಬಹುದಾದ ಬಸರೂರನ್ನು ನಾನು ಒಂದೇ ಒಂದು ಸಲ, ಅದೂ ಕಾರಿನಲ್ಲಿ ಹೋಗಿ, ಶಾಸನದ ಫೋಟೊ ತೆಗೆದುಕೊಂಡು ಬಂದಿದ್ದೆ. ಒಂದು ಹೊಳೆಯನ್ನೂ ದೋಣಿಯಲ್ಲಿ ದಾಟಿರಲಿಲ್ಲ.

ಮರುದಿನ ಕಾಫಿ ಕುಡಿಯುವಾಗ ಅಪ್ಪಯ್ಯನಿಗೆ ಹೇಳಿದೆ. ಜೊತೆಗೆ ಬರುತ್ತಾರೆ ಎಂಬ ನಂಬಿಕೆ ಇರಲಿಲ್ಲ. ಎರಡು ವರ್ಷದ ಹಿಂದೆ ಅಮ್ಮ ಹೋದ ಮೇಲೆ ಅವರು ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿದವರಲ್ಲ. ಅಪ್ಪಯ್ಯ ಲೋಟ ಕೆಳಗಿಟ್ಟು, “ಕೊಯ್ಲು ಮುಗೀತಲ್ಲ. ಬರ್ತೇನೆ” ಅಂದರು.

ಆ ಮಾತಿನಲ್ಲಿ ಖುಷಿ ಇರಲಿಲ್ಲ. ಹಿಂದೆ ಅಡಿಕೆ ಕೊಯ್ಲೆಂದರೆ ತಿಂಗಳುಗಟ್ಟಲೆ ಕೆಲಸ. ಈ ಸಲ ಕೊನೆಗಾರರು ಹತ್ತು ದಿನದಲ್ಲಿ ಮುಗಿಸಿ ಹೋಗಿದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗ ನಮ್ಮ ಕೆಳಗಿನ ತೋಟವನ್ನು ಪೂರ್ತಿ ಹಿಡಿದಿದೆ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯೇ ಈಗ ಒಂದಿಷ್ಟು ಕಾಸು ಕೊಡುವುದು. ತೋಟವನ್ನು ಕೊಂಡು ಹೋಂಸ್ಟೇ ಮಾಡುತ್ತೇವೆ ಎಂದು ಬೆಂಗಳೂರಿನ ಒಬ್ಬರು ಎರಡು ಸಲ ಬಂದು ಹೋಗಿದ್ದರು. ಅಪ್ಪಯ್ಯ ಹೂಂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ.

ಜನವರಿಯ ಕೊನೆಯ ವಾರ ಹೊರಟೆವು. ಆಗುಂಬೆಯಲ್ಲಿ ಮಿನಿಬಸ್ಸು ಹಿಡಿದು ಘಟ್ಟ ಇಳಿಯುವಾಗ, ತಿರುವು ತಿರುವಿಗೂ ಸೆಖೆ ಏರುತ್ತಿತ್ತು. ಅಪ್ಪಯ್ಯ ಕಿಟಕಿಯಿಂದ ಕಣ್ಣು ತೆಗೆಯದೆ, ತಮ್ಮ ಅಜ್ಜನ ಕಾಲದಲ್ಲಿ ಎತ್ತಿನ ಮೇಲೆ ಹೇರು ಹಾಕಿ ಘಟ್ಟ ಇಳಿಸುತ್ತಿದ್ದ ಸುದ್ದಿ ಹೇಳಿದರು. ಕೆಳಗೆ ಹೋಗುವಾಗ ಅಡಿಕೆ, ಮೆಣಸು. ಮೇಲೆ ಬರುವಾಗ ಉಪ್ಪು, ತೆಂಗಿನೆಣ್ಣೆ. “ಇಳಿಯುವಾಗಲೇ ಎತ್ತಿಗೆ ಕಷ್ಟವಂತೆ, ಹತ್ತುವಾಗ ಅಲ್ಲ” ಅಂದರು. ಈ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಬಸರೂರಿಗೆ ತಲುಪಿದಾಗ ಮಧ್ಯಾಹ್ನ. ಮಹಾಲಿಂಗೇಶ್ವರ ದೇವಸ್ಥಾನ ನೋಡಿಕೊಂಡು ವಾರಾಹಿ ಹೊಳೆಯ ಕಡೆಗೆ ನಡೆದೆವು. ತೆಂಗಿನ ತೋಟ, ಮೌನವಾದ ಬೀದಿ, ಅಗಲವಾದ ನೀರು. ಇಲ್ಲಿ ಮೂಡುಕೇರಿ, ಪಡುವಕೇರಿ ಎಂದು ಕೇರಿಕೇರಿಗೂ ವರ್ತಕರಿದ್ದರು; ಅವರ ಸೆಟ್ಟಿಕಾರರ ಹೆಸರು ಶಾಸನಗಳಲ್ಲಿದೆ. ಗೋವೆಯ ಪೋರ್ಚುಗೀಸರಿಗೆ ಅಕ್ಕಿ ಹೋಗುತ್ತಿದ್ದ ಬಂದರುಗಳಲ್ಲಿ ಇದೂ ಒಂದು. 1569ರಲ್ಲಿ ಪೋರ್ಚುಗೀಸರು ಇಲ್ಲಿ ಕಾಲೂರಿದರು. 1665ರಲ್ಲಿ ಶಿವಾಜಿಯ ಹಡಗುಗಳು ಬಂದು ಊರನ್ನು ಸೂರೆ ಮಾಡಿದವು. ಇದನ್ನೆಲ್ಲ ನಾನು ಒಂದೇ ಉಸಿರಿಗೆ ಹೇಳಿದೆ. ಅಪ್ಪಯ್ಯ ಕೇಳಿಸಿಕೊಂಡು ಸ್ವಲ್ಪ ಹೊತ್ತು ಹೊಳೆ ನೋಡಿದರು.

“ಸೆಟ್ಟರ ಹೆಸರುಂಟು, ರಾಜರ ಹೆಸರುಂಟು. ಮೆಣಸು ಬೆಳೆದವರ ಹೆಸರು ಎಲ್ಲಾದರೂ ಉಂಟಾ ಮಾರಾಯ್ತಿ?”

“ಇಲ್ಲ ಅಪ್ಪಯ್ಯ” ಅಂದೆ.

“ಹಾಗಾದರೆ ನೀನು ಬರೆಯುವುದು ಅಂಗಡಿಯ ಕಥೆ.”

ಅದು ಜಗಳದ ಮಾತಾಗಿರಲಿಲ್ಲ. ಮಳೆ ಬಂತು ಅನ್ನುವಷ್ಟು ಸಹಜವಾಗಿ ಅಂದದ್ದು. ನನಗೆ ಮಾತ್ರ ರಾತ್ರಿ ಕುಂದಾಪುರದ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಪರಿಚಯದವರ ದೋಣಿಯಲ್ಲಿ ಗಂಗೊಳ್ಳಿಗೆ ದಾಟಿದೆವು. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರಿಗೇ ಇದೆ, ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕ ಎಂಬ ಐದು ಹೊಳೆಗಳು ಇಲ್ಲಿ ಒಟ್ಟು ಸೇರಿ ಸಮುದ್ರಕ್ಕೆ ಹೋಗುತ್ತವೆ. ದೋಣಿಯವರು, “ಹ್ವಾಯ್, ಘಟ್ಟದ್ ಮೇಲಿನವ್ರಾ?” ಎಂದು ಅಪ್ಪಯ್ಯನನ್ನು ಕೇಳಿದರು. ಅವರು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತ ರೀತಿಯಿಂದಲೇ ಗೊತ್ತಾಗಿರಬೇಕು. ನಡುನೀರಿಗೆ ಬಂದಾಗ ಮೂಡಲ ದಿಕ್ಕಿಗೆ ತಿರುಗಿ ನೋಡಿದೆ. ಘಟ್ಟಗಳು ಒಂದರ ಹಿಂದೊಂದು ನೀಲಿಯಾಗಿ ನಿಂತಿದ್ದವು. ಬಂದರಿನಲ್ಲಿ ನಿಂತು ಸಮುದ್ರದ ಕಡೆಗೆ ನೋಡುವುದನ್ನು ಪುಸ್ತಕಗಳು ನನಗೆ ಕಲಿಸಿದ್ದವು. ಬೆನ್ನಿನ ಹಿಂದೆ ಏನಿದೆ ಎಂದು ಕಂಡದ್ದು ದೋಣಿಯಿಂದ.

ಹೊನ್ನಾವರದಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಯ ದಿಕ್ಕಿಗೆ ಒಂದಿಷ್ಟು ದೂರ ಹೋಗಿಬರಲು ದೋಣಿ ಮಾತಾಡಿಕೊಂಡೆವು. ಇದು ನಾನು ಬಹಳ ದಿನದಿಂದ ಆಸೆಪಟ್ಟಿದ್ದ ದಾರಿ. ರೋಮ್ ನಗರದ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಇದೇ ಹೊಳೆಯಲ್ಲಿ ದೋಣಿ ಏರಿ ಹೋದ. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗಿದ್ದ. ಮೆಣಸಿನ ವ್ಯವಹಾರವೂ ಆ ಮಾತುಕತೆಯ ಒಂದು ಭಾಗ. ಈ ಹೊಳೆಯನ್ನು ಅವನು ಮನಸಾರೆ ಮೆಚ್ಚಿ ಬರೆದಿದ್ದಾನೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಅವನು ಬರುವ ಹೊತ್ತಿಗಾಗಲೇ ಹಾಳುಬಿದ್ದು ಕಾಡು ಬೆಳೆಯುತ್ತಿತ್ತು.

ಅವನ ಇನ್ನೊಂದು ಕಥೆಯನ್ನೂ ಅಪ್ಪಯ್ಯನಿಗೆ ಹೇಳಿದೆ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಳು. ಅವನು ಅವಳನ್ನು ಅಲ್ಲಿ ಮಣ್ಣು ಮಾಡಲಿಲ್ಲ. ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ಭಾರತಕ್ಕೆ ತಂದ. ಇಲ್ಲಿನ ತಿರುಗಾಟ ಮುಗಿಸಿ, ಕೊನೆಗೆ ರೋಮಿಗೆ ಒಯ್ದು 1627ರಲ್ಲಿ ತನ್ನವರ ಸಮಾಧಿಯಲ್ಲಿ ಇಟ್ಟ.

ದೋಣಿಯ ಇಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ದಡದ ಕಾಂಡ್ಲಾ ಗಿಡಗಳ ಬೇರು ನೀರಿನಲ್ಲಿ ಕಾಣುತ್ತಿತ್ತು.

“ಹೆಸರೆಂತ ಅವಳದ್ದು?”

“ಮಾನಿ.”

ಅಪ್ಪಯ್ಯ ಮತ್ತೇನೂ ಕೇಳಲಿಲ್ಲ. ಹೇಳಬಾರದಿತ್ತೇನೋ ಅನ್ನಿಸಿತು. ಮಾತು ಬದಲಿಸಲು, ಘಟ್ಟದ ಊರಿನ ಒಂದು ಗುಡಿಯಲ್ಲಿ ದೆಲ್ಲಾ ವಾಲ್ಲೆ ಕಂಡ ಹುಡುಗರ ಸಂಗತಿ ಹೇಳಿದೆ. ಆ ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತಾ ಬೆರಳಲ್ಲಿ ಅಂಕಿ ಬರೆದು ಲೆಕ್ಕ ಕಲಿಯುತ್ತಿದ್ದರು. ಯಾರೂ ಕಲಿಸುವವರಿಲ್ಲದೆ ತಾವೇ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ ನಿಂತು ನೋಡಿ, ವಿವರವಾಗಿ ಬರೆದಿಟ್ಟ.

ಅಪ್ಪಯ್ಯನ ಮುಖ ಅರಳಿತು. “ನಮ್ಮ ಅಜ್ಜಯ್ಯನೂ ಮರಳ ಮೇಲೇ ಬರೆದು ಕಲಿತದ್ದು. ಆ ಹುಡುಗರು ಎಂತ ಲೆಕ್ಕ ಮಾಡ್ತಿದ್ರು? ಮೆಣಸಿಂದಾ?”

“ಅದನ್ನು ಅವನು ಬರೆದಿಲ್ಲ.”

“ಮೆಣಸಿಂದೇ ಇರಬೇಕು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಅಜ್ಜಯ್ಯನ ಲೆಕ್ಕದ ಪುಸ್ತಕ ಅಟ್ಟದಲ್ಲಿ ಉಂಟು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ” ಅಂದರು.

ಕೊನೆಯ ದಿನ ಕುಮಟಾದ ಹತ್ತಿರ ಅಘನಾಶಿನಿ ಊರಿನಿಂದ ತದಡಿಗೆ ಬಾರ್ಜಿನಲ್ಲಿ ದಾಟಿದೆವು. ಬೈಕು, ಸ್ಕೂಟರುಗಳ ನಡುವೆ, ಮೀನು ಬುಟ್ಟಿ ಇಟ್ಟುಕೊಂಡ ಹೆಂಗಸರ ಪಕ್ಕ ನಿಂತು ಹೋದದ್ದು. ಇದೇ ಹೊಳೆಯ ಒಳಗೆ ಹೋದರೆ ಮಿರ್ಜಾನ್ ಕೋಟೆ. ಅದೂ ಮೆಣಸು ಇಳಿದ ದಾರಿಯೇ. ಅತ್ತ ಶರಾವತಿಯ ಹಿನ್ನೀರಿನಲ್ಲಿ ಸಿಗಂದೂರಿಗೆ ಸೇತುವೆಯಾಗಿ ಜನ ಲಾಂಚನ್ನು ಕಾಯುವುದು ತಪ್ಪಿದೆ. ಇಲ್ಲಿಯೂ ಒಂದು ದಿನ ಹಾಗೇ ಆಗಬಹುದು. ದಿನಾ ದಾಟುವವರಿಗೆ ಸೇತುವೆಯೇ ಒಳ್ಳೆಯದು, ನನ್ನಂಥವರ ಆಸೆಗೆ ಅವರು ಬಿಸಿಲಲ್ಲಿ ಕಾಯಬೇಕಾಗಿಲ್ಲ. ಆದರೂ ಆ ಹತ್ತು ನಿಮಿಷ ನನಗೆ ಬೇಕಾಗಿತ್ತು. ಬಾರ್ಜಿನಿಂದ ಒಂದು ವಿಡಿಯೋ ಮಾಡಿ ಪಾದುವಾಕ್ಕೆ ಕಳಿಸಿದೆ. “ಯಾವ ಊರೇ ಇದು, ಇಷ್ಟು ಚೆನ್ನಾಗಿದೆ!” ಎಂದು ಅವಳ ಉತ್ತರ ಬಂತು.

ಮನೆಗೆ ಬಂದ ಮರುದಿನವೇ ಅಪ್ಪಯ್ಯ ಏಣಿ ಹಾಕಿ ಅಟ್ಟ ಹತ್ತಿದರು. ಮಸಿ ಹಿಡಿದ, ಅಂಚು ಗೆದ್ದಲು ತಿಂದ ಒಂದು ಲೆಕ್ಕದ ಪುಸ್ತಕ. 1940ರ ದಶಕದ್ದು. ಎಷ್ಟು ಮಣ ಮೆಣಸು, ಯಾರ ಎತ್ತು, ಯಾವ ಊರಿಗೆ ಹೋಯಿತು, ಬದಲಿಗೆ ಎಷ್ಟು ಉಪ್ಪು ಬಂತು. ಹೇರು ಹೊಡೆದವರ ಹೆಸರುಗಳು ಒಂದರ ಕೆಳಗೊಂದು. ಒಂದು ಕಡೆ, ಮಳೆಗೆ ಘಟ್ಟದಲ್ಲಿ ಎತ್ತು ಜಾರಿ ಬಿದ್ದದ್ದಕ್ಕೆ ಮುರಿದುಕೊಂಡ ಬಾಡಿಗೆ ಎಷ್ಟೆಂದು ಬರೆದಿದೆ. ಮನೆಯವರು ಅದನ್ನು ಎತ್ತಿನವನ ಲೆಕ್ಕದಲ್ಲೇ ಮುರಿದಿದ್ದರು. ಅಪ್ಪಯ್ಯ ಆ ಸಾಲನ್ನು ಎರಡು ಸಲ ಓದಿ ಸುಮ್ಮನಾದರು. ಬೆಳೆದವರ ಹೆಸರೆಲ್ಲಿ ಎಂದು ಬಸರೂರಿನಲ್ಲಿ ಕೇಳಿದವರು ಅವರೇ. ಹೊತ್ತವರ ಹೆಸರು, ಅವರಿಗಾದ ಅನ್ಯಾಯದ ಜೊತೆಗೆ, ನಮ್ಮ ಅಟ್ಟದಲ್ಲೇ ಇತ್ತು.

ಹದಿನೇಳನೇ ಶತಮಾನದ ವ್ಯಾಪಾರಕ್ಕೆ ಇದು ಆಧಾರವಾಗುವುದಿಲ್ಲ, ಅದು ನನಗೆ ಗೊತ್ತು. ಆದರೆ ಏನನ್ನು ಹುಡುಕಬೇಕು ಎಂದು ಇದು ಹೇಳಿಕೊಟ್ಟಿತು. ಮಠಗಳ ಕಡತ, ಮನೆಗಳ ಅಟ್ಟ, ಹಳೆಯ ಸುಂಕದ ಕಟ್ಟೆ, ಎತ್ತು ತಂಗುತ್ತಿದ್ದ ಜಾಗಗಳ ಹೆಸರು, ಇವುಗಳಿಂದ ಮೂರನೇ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಅವಧಿ ಮುಗಿಯಲು ಹೆಚ್ಚು ದಿನವಿಲ್ಲ. ಹೆದರಿಕೆ ಇದ್ದೇ ಇದೆ.

ತೋಟದ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಬೆಂಗಳೂರಿನವರು ಫೋನ್ ಮಾಡಿದಾಗ ಅಪ್ಪಯ್ಯ, ಮೆಣಸಿನ ಕೊಯ್ಲು ಮುಗಿಯಲಿ ಎಂದಷ್ಟೇ ಹೇಳಿದರು. ಕೊಯ್ಲು ಮುಗಿದು ಕಾಳು ಒಣಗಿಸಿ ತೂಗಿದ ದಿನ, ತಮ್ಮ ಈಗಿನ ಲೆಕ್ಕದ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ನೀನೇ ಬರಿ” ಅಂದರು. ತಾರೀಕು ಹಾಕಿದೆ, ತೂಕ ಬರೆದೆ. ಕೊಯ್ದವರು ಮೂವರು. ಅವರ ಕೂಲಿ ಮಾತ್ರ ಬರೆಯುವುದು ನಮ್ಮ ಮನೆಯ ರೂಢಿ. ಈ ಸಲ ಮೂವರ ಹೆಸರನ್ನೂ ಕೇಳಿಕೊಂಡು ಬರೆದೆ.