ಮೇಲ್ ಸರ್ವರ್ ಮನೆ ಬದಲಿಸುವಾಗ

ಮೇಲ್ ಸರ್ವರನ್ನು ಹೊಸ ಯಂತ್ರಕ್ಕೆ ಸಾಗಿಸೋದು ಮನೆ ಬದಲಿಸಿದ ಹಾಗೇ. ಮೊದಲು ವಿಳಾಸ. ಎಂಎಕ್ಸ್ ದಾಖಲೆಯ ಟಿಟಿಎಲ್ 86400 ಸೆಕೆಂಡ್ ಇದ್ದರೆ ಎರಡು ದಿನ ಮುಂಚೆಯೇ 300ಕ್ಕೆ ಇಳಿಸಿಬಿಡಿ. ಇಲ್ಲದಿದ್ದರೆ ಮೇಲ್‌ಗಳು ಒಂದಿಡೀ ದಿನ ಹಳೇ ಬಾಗಿಲನ್ನೇ ತಟ್ಟಬಹುದು. ನಡುವೆ ಸರ್ವರ್ ಕೆಲವು ಗಂಟೆ ನಿಂತರೂ ಗಾಬರಿ ಬೇಡ. ಕಳಿಸುವ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಬಂದು ನೋಡುತ್ತೆ.

ಕಷ್ಟ ಇರೋದು ಸಾಮಾನು ಆರಿಸೋದರಲ್ಲಿ. ನಮ್ಮ ಪಟ್ಟಿಯಲ್ಲಿ ತೀರಿಕೊಂಡ ಸಹೋದ್ಯೋಗಿಯೊಬ್ಬರ ಖಾತೆ ಇತ್ತು. ಪಕ್ಕದಲ್ಲಿ ‘ಬಳಕೆಯಲ್ಲಿಲ್ಲ, ಅಳಿಸಿ’ ಅಂತ ಷರಾ. ಅವರ ಮೇಲ್ ತೆರೆದು ಓದೋ ಹಕ್ಕು ನನಗಿಲ್ಲ. ಆದರೆ ಒಂದೇ ವಿಳಾಸದಿಂದ ತಿಂಗಳಿಗೊಂದು ಮೇಲ್ ಈಗಲೂ ಬರ್ತಿರೋದು ಲಾಗ್‌ನಲ್ಲೇ ಕಾಣ್ತಿತ್ತು. ಖಾತೆ ಅಳಿಸಿದರೆ ಅದು ‘ಇಂಥವರು ಇಲ್ಲಿಲ್ಲ’ ಅಂತ ವಾಪಸ್ ಹೋಗುತ್ತೆ. ಮ್ಯಾನೇಜರ್‌ಗೆ ಹೇಳಿದೆ. ಅವರು ಷರಾ ಹೊಡೆದುಹಾಕಿ, ‘ಜಾಗ ಇದೆಯಲ್ಲ, ಇರಲಿ’ ಅಂದರು.