ಮಂಚದ ಕೆಳಗಿನ ಹಾಯಿ

ಇಲಿ ಕೊರೆದದ್ದು ಒಂದೇ ಕಡೆ. ಆದರೆ ಹಾಯಿಯನ್ನು ಬೆಡ್‌ಶೀಟಿನಂತೆ ಎಂಟು ಪದರ ಮಡಚಿಟ್ಟವನು ನಾನು. ಏಪ್ರಿಲ್‌ನಲ್ಲಿ ಗ್ಯಾರೇಜಿನಿಂದ ತಂದು ಅಂಗಳದಲ್ಲಿ ಬಿಡಿಸಿ ಹಾಸಿದೆ. ಚೌತಿಗೆ ಬಣ್ಣದ ಕಾಗದ ಮಡಚಿ ಕತ್ತರಿಸಿ ಮಾಡುತ್ತಿದ್ದ ಮಾಲೆಯ ಹಾಗೆ, ಅಳತೆಯಿಟ್ಟಂತೆ ಎಂಟು ತೂತು. ನಡುವೆ ಹಾಯಿಬಟ್ಟೆಯ ಚೂರುಗಳನ್ನೇ ಹಾಸಿಕೊಂಡ ಗೂಡು. ಬಾಣಂತನ ಮುಗಿಸಿ ಸಂಸಾರ ಹೊರಟುಹೋಗಿತ್ತು.

ಇದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಮ್ಯಾಡಿಸನ್. ಇಲ್ಲಿಯ ಮೆಂಡೋಟಾ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಯಾವ ದಿನ ಹೆಪ್ಪುಗಟ್ಟಿತು, ಯಾವ ದಿನ ಕರಗಿತು ಎಂದು 1850ರ ದಶಕದಿಂದ ಬರೆದಿಡುತ್ತ ಬಂದಿದ್ದಾರೆ. ನೀರು ಹೆಪ್ಪುಗಟ್ಟುವ ಮೊದಲು, ಅಕ್ಟೋಬರಿನಲ್ಲೇ ನನ್ನ ದೋಣಿ ದಡ ಹತ್ತುತ್ತದೆ. ಕರ್ನಾಟಕದ ಕರಾವಳಿಯ ಗಂಗೊಳ್ಳಿಯಲ್ಲಿ ಹುಟ್ಟಿದ ನನಗೆ ದೋಣಿಯ ರಜೆಯೆಂದರೆ ಮಳೆಗಾಲ. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸಿದ ಮೇಲೆ ರಜೆ ಮುಗಿಯಿತು. ಇಲ್ಲಿ ಆರು ತಿಂಗಳು ಕಾಯಬೇಕು, ಕಾಯಿ ಒಪ್ಪಿಸಿದರೂ ಮಂಜುಗಡ್ಡೆಯ ಮೇಲೆ ಉರುಳಾಡುತ್ತದೆ ಅಷ್ಟೆ.

ದೋಣಿ ಹಳೆಯದೊಂದು ಹೋಬಿ 16. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ ಎಂಬಾತ 1960ರ ದಶಕದ ಕೊನೆಗೆ, ಬಂದರಿನ ಹಂಗಿಲ್ಲದೆ ಮರಳಿನಿಂದಲೇ ನೀರಿಗೆ ತಳ್ಳಬಹುದಾದ ಜೋಡಿದೋಣಿ ಕಟ್ಟಲು ಹೊರಟ. ಆ ಸಂತಾನದ್ದು ಇದು. ಇದನ್ನು ಕ್ಯಾಟಮರಾನ್ ಎನ್ನುತ್ತಾರೆ. ಪದ ತಮಿಳಿನ ಕಟ್ಟುಮರದ್ದು, ನಮಗೂ ಅರ್ಥ ಹೇಳಿಕೊಡಬೇಕಾಗಿಲ್ಲ. ಮೂಲದ ಕಟ್ಟುಮರವೆಂದರೆ ಮರದ ದಿಮ್ಮಿಗಳನ್ನು ಸೇರಿಸಿ ಕಟ್ಟಿದ ತೆಪ್ಪ. ಜೋಡಿದೋಣಿ ಪಾಲಿನೇಷ್ಯಾದವರ ವಿದ್ಯೆ. ಇಂಗ್ಲಿಷರು ಕೋರಮಂಡಲದ ಹೆಸರನ್ನು ಒಯ್ದು ಶಾಂತಸಾಗರದ ದೋಣಿಗೆ ಇಟ್ಟರು. ನನ್ನದರಲ್ಲಿ ಮರ ಚೂರೂ ಇಲ್ಲ, ಎಲ್ಲ ಫೈಬರ್ ಮತ್ತು ಅಲ್ಯೂಮಿನಿಯಂ. ಕಟ್ಟು ಮಾತ್ರ ಉಂಟು: ಎರಡು ದೋಣಿಗಳ ನಡುವೆ ಕೂರುವ ಹಾಸನ್ನು ಹಗ್ಗದಿಂದ ಬಿಗಿದದ್ದು.

ಇಲಿಯ ಪ್ರಸಂಗದ ನಂತರದ ಶರತ್ಕಾಲದಲ್ಲಿ ಅಮ್ಮ ಬಂದಿದ್ದಳು. ತೇಪೆ ಹಾಕಿಸಿದ ಹಾಯಿಯನ್ನು ಸಾಬೂನು ನೀರಲ್ಲಿ ಮೆತ್ತಗೆ ಉಜ್ಜಿ ತೊಳೆದು, ಬೇಗ ಒಣಗಲೆಂದು ಕಂಬಕ್ಕೇರಿಸಿ ಗಾಳಿಗೆ ಬಿಟ್ಟಿದ್ದೆ. ಪಟಪಟ ಸದ್ದಿಗೆ ಹೊರಗೆ ಬಂದಳು.

“ಎಂತ ಮಗಾ ಅದು, ಬಟ್ಟೆಯನ್ನು ಹೊಡೆದು ಸಾಯಿಸ್ತಿಯಾ?”

ಅವಳು ಹೇಳಿದ್ದು ಸರಿ. ಹಾಯಿಗೆ ಬಳಿದಿರುವ ರಾಳ ಬಡಿತಕ್ಕೆ ಬಿರಿಯುತ್ತದೆ, ಚೂಪು ಮಡಿಕೆಗೂ ಬಿರಿಯುತ್ತದೆ. ವಾಷಿಂಗ್ ಮಷೀನಿಗೆ ಹಾಕಿದರಂತೂ ಹಾಯಿ ಹೋಗಿ ಲುಂಗಿಯಾಗುತ್ತದೆ. ಬಿಸಿಲು ಇನ್ನೂ ಕೆಟ್ಟದ್ದು, ಎಳೆಯನ್ನೇ ಸುಡುತ್ತದೆ. ಅಮ್ಮನಿಗೆ ರಾಳ ಗೊತ್ತಿಲ್ಲ, ರೇಷ್ಮೆ ಸೀರೆ ಗೊತ್ತು. ನೆರಳಲ್ಲಿ ಹರವು, ತೇವದ ವಾಸನೆ ಹೋಗುವ ತನಕ ಒಳಗಿಡಬೇಡ, ಅದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಡಬೇಡ ಎಂದಳು. ಇಲ್ಲಿನ ಅನುಭವಸ್ಥರು ಹೇಳುವುದೂ ಇಷ್ಟೇ, ಕಡೆಯ ಮಾತೊಂದು ಬಿಟ್ಟು. ಮಡಚಲೇಬೇಡ, ಸುತ್ತು ಎನ್ನುತ್ತಾರೆ ಅವರು. ಅಗಲಕ್ಕೂ ಸಿಗಿಸಿರುವ ಪಟ್ಟಿಗಳ ಬಿಗಿ ಸಡಿಲಿಸಿ, ಅವುಗಳ ಗುಂಟವೇ ತಲೆಯಿಂದ ಕೆಳಗೆ ಚಾಪೆಯ ಹಾಗೆ ಸುತ್ತಬೇಕು. ಬಿಗಿ ಸಡಿಲಿಸದೆ ಇಟ್ಟರೆ ಪಟ್ಟಿಗಳು ಚಳಿಗಾಲವಿಡೀ ಬಟ್ಟೆಯನ್ನು ಎಳೆಯುತ್ತಲೇ ಇರುತ್ತವೆ.

ಬೂಷ್ಟಿನ ವಿಷಯದಲ್ಲಿ ನಾವು ಅದೃಷ್ಟವಂತರು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಪಾಲಿಯೆಸ್ಟರ್ ಎಳೆಯೇ ಮುಂದೆ ಡೇಕ್ರಾನ್ ಎಂಬ ಹೆಸರಲ್ಲಿ ಹಾಯಿಯಾಯಿತು. ಬೂಷ್ಟು ಇದರ ಕೊಳೆಯನ್ನು ತಿಂದು ಕರಿ ಚುಕ್ಕೆ ಉಳಿಸೀತು, ಎಳೆಯನ್ನು ತಿನ್ನಲಾರದು. ಹತ್ತಿಯ ಹಾಯಿಯನ್ನಾದರೆ ಪೂರ್ತಿ ಮುಗಿಸುತ್ತಿತ್ತು. ಅದಕ್ಕೇ ಇಂಗ್ಲೆಂಡಿನ ಮೀನುಗಾರರು ಹಾಯಿಯನ್ನು ಕಾಚಿನ ಕಷಾಯದಲ್ಲಿ ಅದ್ದುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಕಾಣುವ ಕೆಂಗಂದು ಹಾಯಿಗಳ ಬಣ್ಣ ಅಲ್ಲಿಂದ ಬಂದದ್ದು. ಬರ್ಮಾ ಮತ್ತು ಭಾರತದ ಖೈರ ಮರದ ಚೇಗು ಕುದಿಸಿ ತೆಗೆದ ಕಾಚು ಅದು. ನಮ್ಮಜ್ಜ ಎಲೆಅಡಿಕೆಗೆ ಹಾಕಿಕೊಳ್ಳುತ್ತಿದ್ದದ್ದೂ ಅದೇ. ಇದನ್ನು ಹೇಳಿದಾಗ ಅಮ್ಮ ನಕ್ಕು, “ಹಾಗಾದ್ರೆ ಅಜ್ಜನ ಬಾಯಿಗೆ ಬೂಷ್ಟು ಹಿಡೀಲಿಕ್ಕೇ ಇರ್ಲಿಲ್ಲ” ಎಂದಳು.

ಅಜ್ಜ ಮಚ್ವೆಯೆಂಬ ಹಾಯಿದೋಣಿಯಲ್ಲಿ ದುಡಿದವರು. ಜೂನ್ ಬಂತೆಂದರೆ ಹಾಯಿ ಅಡುಗೆಮನೆಯ ಮೇಲಿನ ಅಟ್ಟಕ್ಕೇರುತ್ತಿತ್ತಂತೆ, ಒಲೆಯ ಹೊಗೆಗೆ ತೇವವೂ ಹತ್ತಿರ ಬರದು, ಇಲಿಯೂ ಬರದು. ಗಾಳಿಗೆ ಹರಿದ ಹಾಯಿಗಿಂತ ಮನೆಯಲ್ಲಿ ಕೆಟ್ಟ ಹಾಯಿಯೇ ಜಾಸ್ತಿ ಎಂದು ಅವರು ಹೇಳುತ್ತಿದ್ದರೆಂದು ಅಮ್ಮ ಈಗ ನೆನಪಿಸಿಕೊಂಡಳು. ನನ್ನ ಎಂಟು ತೂತುಗಳ ಲೆಕ್ಕವೂ ಅದನ್ನೇ ಹೇಳುತ್ತದೆ. ಐದು ಬೇಸಗೆಯ ಗಾಳಿಯಲ್ಲಿ ನನ್ನ ಹಾಯಿ ಒಂದು ಹೊಲಿಗೆ ಬಿಟ್ಟದ್ದು ಬಿಟ್ಟರೆ ಹರಿದದ್ದಿಲ್ಲ.

ಒಲೆಯ ಹೊಗೆ ನನ್ನ ಮನೆಯಲ್ಲಿಲ್ಲ. ಗ್ಯಾರೇಜು ಇಲಿಗಳ ಪಾಲು. ಒಣಗಿದ ಹಾಯಿಯನ್ನು ಸುತ್ತಿದಾಗ ಆಳಿಗಿಂತ ಉದ್ದದ ಸುರುಳಿಯಾಯಿತು. ಅಮ್ಮ ತನ್ನ ಹಳೆಯ ನೂಲಿನ ಸೀರೆಯನ್ನು ಅದಕ್ಕೆ ಸುತ್ತಿ, ಎರಡು ತುದಿಗೂ ಗಂಟು ಹಾಕಿದಳು. ಇಬ್ಬರೂ ಹೆಗಲ ಮೇಲೆ ಹೊತ್ತು ತಂದು ಅತಿಥಿಗಳ ಕೋಣೆಯ ಮಂಚದ ಕೆಳಗೆ ಮಲಗಿಸಿದೆವು. ಅಂದಿನಿಂದ ಪ್ರತಿ ಚಳಿಗಾಲವೂ ಅದರ ಜಾಗ ಅಲ್ಲೇ. ಮ್ಯಾಡಿಸನ್ ಕಡೆ ಬಂದರೆ ಖಂಡಿತ ನಮ್ಮಲ್ಲಿ ಉಳಿಯಿರಿ. ಸೂಟ್‌ಕೇಸನ್ನು ಮಾತ್ರ ಮಂಚದ ಕೆಳಗೆ ತಳ್ಳಬೇಡಿ.