ಹಿಂದೆ ನಿಂತವನ ಆಲ್ಬಮ್

2020ರ ನವೆಂಬರ್ 13ಕ್ಕೆ ಎಸಿ/ಡಿಸಿಯ ಹೊಸ ಆಲ್ಬಮ್ 'ಪವರ್ ಅಪ್' ಬಂತು. 12 ಹಾಡು, ಎಲ್ಲಾ ಸೇರಿ 41 ನಿಮಿಷ. ನಮ್ಮ ಒಂದು ಆನ್‌ಲೈನ್ ಕ್ಲಾಸಿಗಿಂತ ಚಿಕ್ಕದು, ಕ್ಯಾಮೆರಾ ಆಫ್ ಮಾಡ್ಕೊಂಡು ಕೇಳಿ ಮುಗಿಸಬಹುದು. ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದ ಹತ್ತು ನಿಮಿಷಕ್ಕೆ ಬಂದ ಮೊದಲ ಕಾಮೆಂಟು: "ಇದು ಹಳೇ ಆಲ್ಬಮ್ ಅಲ್ವಾ? ಎಲ್ಲೋ ಕೇಳಿದ ಹಾಗಿದೆ."

ಈ ಬ್ಯಾಂಡಿನ ಮೇಲೆ ನಲವತ್ತು ವರ್ಷದಿಂದ ಇರೋ ದೂರು ಇದೇ. ಅದೇ ಎರಡು ಗಿಟಾರು, ಅದೇ ನಾಲ್ಕರ ತಾಳ, ಗಂಟಲು ಹರಿಯೋ ಹಾಗೆ ಕಿರುಚೋ ಅದೇ ಹಾಡುಗಾರ. ದೂರು ಸುಳ್ಳು ಅಂತ ನಾವೂ ಹೇಳಲ್ಲ. ಆದ್ರೆ ಈ ಸಲ ಅದೇ ಸದ್ದು ವಾಪಸ್ ಬಂದದ್ದು ಹೇಗೆ ಅನ್ನೋದು ಗೊತ್ತಾದ ಮೇಲೆ ನಮಗೆ ಈ ಆಲ್ಬಮ್ ಬೇರೆ ಥರ ಕೇಳಿಸೋಕೆ ಶುರುವಾಯ್ತು.

ಎಸಿ/ಡಿಸಿ ಅಂದ್ರೆ ಟೀ ಶರ್ಟಿನ ಮೇಲಿರೋ ಮಿಂಚು ಅಂತ ಮಾತ್ರ ಗೊತ್ತಿರೋ ಜೂನಿಯರ್‌ಗಳಿಗೆ: 'ಐರನ್ ಮ್ಯಾನ್' ಸಿನಿಮಾ ಶುರುವಾಗೋದೇ ಇವರ ಹಾಡಿನಿಂದ. 1973ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮಾಲ್ಕಮ್ ಯಂಗ್, ಆಂಗಸ್ ಯಂಗ್ ಅನ್ನೋ ಅಣ್ಣ ತಮ್ಮ ಕಟ್ಟಿದ ಬ್ಯಾಂಡು. ಹೆಸರು ಕೊಟ್ಟದ್ದು ಅವರಕ್ಕ ಮಾರ್ಗರೆಟ್. ಹೊಲಿಗೆ ಮಿಷನ್ನಿನ ಮೇಲೆ ಬರೆದಿದ್ದನ್ನ ನೋಡಿ ಹೇಳಿದ್ದಂತೆ. (ಇ ಅಂಡ್ ಇ ಬ್ರ್ಯಾಂಚಿನವರು ಕಾಲರ್ ಎತ್ತಿಕೊಳ್ಳಬಹುದು.) ತಮ್ಮ ಆಂಗಸ್ ಸ್ಕೂಲ್ ಯೂನಿಫಾರ್ಮ್ ಹಾಕ್ಕೊಂಡು ಸ್ಟೇಜ್ ತುಂಬಾ ಓಡಾಡ್ತಾ ಸೋಲೋ ಬಾರಿಸ್ತಾನೆ. ಈ ಆಲ್ಬಮ್ ಬಂದಾಗ ಅವನಿಗೆ 65. ಅಣ್ಣ ಮಾಲ್ಕಮ್ ಹಿಂದೆ, ಆಂಪ್ಲಿಫೈಯರ್ ಪಕ್ಕ ನಿಂತು ರಿದಮ್ ಬಾರಿಸ್ತಿದ್ದ. ಕೋರಸ್ ಬಂದಾಗ ಮೈಕಿನ ಹತ್ರ ಬಂದು ಎರಡು ಸಾಲು ಕೂಗಿ ಮತ್ತೆ ಹಿಂದಕ್ಕೆ ಹೋಗ್ತಿದ್ದ. ಕ್ಯಾಮೆರಾ ಅವನ ಕಡೆ ತಿರುಗ್ತಿದ್ದದ್ದೇ ಅಪರೂಪ.

ಆದ್ರೆ ಬ್ಯಾಂಡು ನಿಂತಿದ್ದು ಅವನ ಮೇಲೆ. ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಮಾಡಿ. 1980ರ 'ಬ್ಯಾಕ್ ಇನ್ ಬ್ಲ್ಯಾಕ್' ಹಾಕಿ, ಬಲಗಿವಿಯ ಇಯರ್‌ಫೋನ್ ತೆಗೆದುಬಿಡಿ. ಎಡಗಡೆ ಉಳಿಯೋದು ಮಾಲ್ಕಮ್. ರಾಕ್ ಗಿಟಾರು ಅಂದ ಕೂಡಲೇ ನಾವೆಲ್ಲ ಮಾಡೋ ಮೊದಲ ಕೆಲಸ ಗೇನ್ ನಾಬ್ ಪೂರ್ತಿ ತಿರುಗಿಸೋದು. ಸಿಗ್ನಲ್ ಕ್ಲಿಪ್ ಆಗುತ್ತೆ, ಹಾರ್ಮೋನಿಕ್ಸ್ ಹುಟ್ಟುತ್ತೆ, ಒಟ್ಟಿಗೆ ಬಾರಿಸಿದ ಸ್ವರಗಳ ಫ್ರೀಕ್ವೆನ್ಸಿಗಳ ಮೊತ್ತ, ವ್ಯತ್ಯಾಸ ಎಲ್ಲಾ ಸೇರ್ಕೊಂಡು ಪೂರ್ತಿ ಕಾರ್ಡು ಕೆಸರಾಗುತ್ತೆ. ಅದಕ್ಕೇ ಹೆಚ್ಚಿನವರು ಎರಡೇ ಸ್ವರದ ಪವರ್ ಕಾರ್ಡಿಗೆ ಇಳಿಯೋದು. ಮಾಲ್ಕಮ್ ಉಲ್ಟಾ ದಾರಿ ಹಿಡಿದ. ಗೇನ್ ಕಡಿಮೆ ಇಟ್ಟ, ದಪ್ಪ ತಂತಿ ಹಾಕಿದ, ತನ್ನ ಹಳೇ ಗ್ರೆಚ್ ಗಿಟಾರಿನಿಂದ ಉಳಿದ ಪಿಕಪ್ ಕಿತ್ತು ಬ್ರಿಜ್ ಹತ್ರದ್ದು ಒಂದನ್ನೇ ಉಳಿಸ್ಕೊಂಡ. ಆಮೇಲೆ ಕೈಯಿಂದ ಜೋರಾಗಿ ಬಾರಿಸಿದ. ಹಾಗಾಗಿ ಆರೂ ತಂತಿಯ ಕಾರ್ಡು ಬಿಡಿಬಿಡಿಯಾಗಿ ಕೇಳುತ್ತೆ. ಇನ್ನೊಂದು, ಅವನು ಬಾರಿಸದೇ ಬಿಡೋ ಜಾಗ. ಕಾರ್ಡು ಹೊಡೆದು ತಕ್ಷಣ ಅಂಗೈಯಿಂದ ತಂತಿ ಅದುಮಿ ಹಿಡಿದಾಗ ಬರೋ ಖಾಲಿ ಇದೆಯಲ್ಲ, ಡ್ರಮ್ಸಿಗೆ ಜಾಗ ಸಿಗೋದು ಅಲ್ಲಿ. ನಮ್ಮ ಡ್ರಮ್ಮರ್ ಇದನ್ನ ಕೇಳಿ, "ನೀವೆಲ್ಲ ಯಾಕೋ ನಂಗೆ ಒಂದ್ಸಲಾನೂ ಹೀಗೆ ಜಾಗ ಬಿಡಲ್ಲ?" ಅಂತ ಜಗಳಕ್ಕೇ ಬಂದ.

2014ರಲ್ಲಿ ಮಾಲ್ಕಮ್ ಬ್ಯಾಂಡ್ ಬಿಟ್ಟ. ಡಿಮೆನ್ಷಿಯಾ. ಅದಕ್ಕೂ ಮುಂಚಿನ ಟೂರಿನಲ್ಲೇ ಶೋ ಶುರುವಾಗೋ ಮೊದಲು ತಾನೇ ಕಟ್ಟಿದ ರಿಫ್‌ಗಳನ್ನ ಮತ್ತೆ ಕೂತು ಕಲೀಬೇಕಾಗಿತ್ತಂತೆ. ದಶಕಗಟ್ಟಲೆ ಬಾರಿಸಿದ ರಿಫ್‌ಗಳು! ಅವನ ಜಾಗಕ್ಕೆ ಅಣ್ಣನ ಮಗ ಸ್ಟೀವಿ ಯಂಗ್ ಬಂದ. ಅಲ್ಲಿಂದ ಒಂದಾದ ಮೇಲೊಂದು. ಡ್ರಮ್ಮರ್ ಫಿಲ್ ರಡ್ ಕೋರ್ಟು ಕೇಸಿನಲ್ಲಿ ಸಿಕ್ಕಿಬಿದ್ದ. 2016ರಲ್ಲಿ ಹಾಡುಗಾರ ಬ್ರಯಾನ್ ಜಾನ್ಸನ್‌ಗೆ ಡಾಕ್ಟರು, ಹೀಗೇ ದೊಡ್ಡ ಸ್ಟೇಜ್ ಹತ್ತುತ್ತಾ ಇದ್ರೆ ಪೂರ್ತಿ ಕಿವುಡಾಗ್ತೀರಿ ಅಂದ್ರು. ಉಳಿದ ಶೋಗಳನ್ನ ಗನ್ಸ್ ಎನ್ ರೋಸಸ್‌ನ ಆಕ್ಸಲ್ ರೋಸ್ ಹಾಡಿ ಮುಗಿಸಿದ. ಆ ಟೂರು ಮುಗಿದ ಮೇಲೆ ಬಾಸ್ ಬಾರಿಸೋ ಕ್ಲಿಫ್ ವಿಲಿಯಮ್ಸೂ ಸಾಕಪ್ಪ ಅಂತ ಹೊರಟ. 2017ರ ನವೆಂಬರ್ 18ಕ್ಕೆ ಮಾಲ್ಕಮ್ ತೀರಿಕೊಂಡ, 64 ವರ್ಷ. ಇನ್ನು ಈ ಬ್ಯಾಂಡು ಮುಗೀತು ಅಂತ ಬರೆದವರನ್ನ ತಪ್ಪು ಅನ್ನೋಕಾಗಲ್ಲ.

ಮುಂದಿನ ವರ್ಷ ಕೆನಡಾದ ವ್ಯಾಂಕೂವರ್‌ನಲ್ಲಿ ಬಿಟ್ಟುಹೋದವರೆಲ್ಲ ಮತ್ತೆ ಸೇರಿದ್ರು. ಜಾನ್ಸನ್ ಕಿವಿಗೆ ಸ್ಟೀಫನ್ ಆಂಬ್ರೋಸ್ ಅನ್ನೋ ತಂತ್ರಜ್ಞ ಒಂದು ಹೊಸ ಸಾಧನ ಮಾಡಿಕೊಟ್ಟಿದ್ದ. ಮೊದಲ ಮಾದರಿ ಕಾರ್ ಬ್ಯಾಟರಿಯಷ್ಟಿತ್ತಂತೆ, ಆಮೇಲೆ ಅದನ್ನ ಕಿರಿದು ಮಾಡ್ತಾ ಬಂದ. (ಪ್ರಾಜೆಕ್ಟಿಗೆ ಟಾಪಿಕ್ ಇಲ್ಲ ಅಂತ ಅಳೋರು ಗಮನಿಸಿ.) ಹಾಡುಗಳು? ಅಣ್ಣ ತಮ್ಮ ವರ್ಷಗಟ್ಟಲೆ ಕೂಡಿಟ್ಟು ಬಳಸದೇ ಬಿಟ್ಟಿದ್ದ ರಿಫ್‌ಗಳನ್ನ ಆಂಗಸ್ ಹುಡುಕಿ ತೆಗೆದ. ಅವುಗಳಲ್ಲಿ ಎಷ್ಟೋ 2008ರ 'ಬ್ಲ್ಯಾಕ್ ಐಸ್' ಹೊತ್ತಿನವು. ಆಲ್ಬಮ್ಮಿನಲ್ಲಿ ಮಾಲ್ಕಮ್ ಬಾರಿಸಿದ ಒಂದು ಸ್ವರವೂ ಇಲ್ಲ, ಬಾರಿಸಿರೋದು ಸ್ಟೀವಿ. ಆದ್ರೂ 12 ಹಾಡಿಗೂ ರಚನೆ ಅಂತ ಇರೋದು ಎರಡೇ ಹೆಸರು: ಆಂಗಸ್ ಯಂಗ್, ಮಾಲ್ಕಮ್ ಯಂಗ್.

ಹಾಡುಗಳ ಬಗ್ಗೆ ಹೇಳೋದಾದ್ರೆ, ಎಲ್ಲಾನೂ ಅದ್ಭುತ ಅಂತೇನಿಲ್ಲ. 'ಮನಿ ಶಾಟ್' ಇಲ್ಲದಿದ್ರೂ ನಡೀತಿತ್ತು. 'ಶಾಟ್ ಇನ್ ದ ಡಾರ್ಕ್' ಮೊದಲ ಸಲಕ್ಕೇ ತಲೆ ಆಡಿಸುತ್ತೆ, ಹತ್ತನೇ ಸಲಕ್ಕೆ ಸವೆಯುತ್ತೆ. 'ಡೀಮನ್ ಫೈರ್' ಓಟ ಚೆನ್ನಾಗಿದೆ. ನಾವು ಮತ್ತೆ ಮತ್ತೆ ಹಾಕೋದು 'ಥ್ರೂ ದ ಮಿಸ್ಟ್ಸ್ ಆಫ್ ಟೈಮ್'. ಈ ಬ್ಯಾಂಡು ದುಃಖ ತೋರಿಸೋದೇ ಇಲ್ಲ, ಇಲ್ಲೂ ತೋರಿಸಲ್ಲ. ಆದ್ರೆ ಗಿಟಾರು ಸ್ವಲ್ಪ ತೆರೆದುಕೊಂಡು, ಹಿಂದಕ್ಕೆ ತಿರುಗಿ ನೋಡಿದ ಹಾಗೆ ಕೇಳುತ್ತೆ.

ಇಷ್ಟೆಲ್ಲಾ ಹೇಳ್ತಿರೋದಕ್ಕೆ ಕಾರಣ ಇದೆ. ಹೋದ ಮಾರ್ಚಿನಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿದಾಗ ನಮ್ಮ ಬ್ಯಾಂಡಿನಲ್ಲಿ ಐದು ಜನ ಇದ್ವಿ. ಈಗ ನಾಲ್ಕು. ರಿದಮ್ ಬಾರಿಸ್ತಿದ್ದವನು ನಮಗಿಂತ ಒಂದು ವರ್ಷ ಸೀನಿಯರ್, ಆದ್ರೂ 'ಮಗಾ' ಅಂತಲೇ ಮಾತು. ಫೈನಲ್ ಇಯರ್ ಮುಗಿಸಿ ಊರಲ್ಲೇ ಉಳಿದ. ಕೈಗೆ ಬಂದಿದ್ದ ಆಫರ್ ಲೆಟರ್ ಮುಂದಕ್ಕೆ ಹೋಗ್ತಾನೇ ಇದೆ, ಅಪ್ಪನಿಗೆ ಹುಷಾರಿಲ್ಲ, ಈಗ ಕಿರಾಣಿ ಅಂಗಡಿಯಲ್ಲಿ ಇವನೇ ಕೂರೋದು. ಗಿಟಾರು ಮಾರಿದ. ನಮ್ಮ ಗುಂಪಿನಲ್ಲಿ ಅವನು ಕಳಿಸಿದ 23 ವಾಯ್ಸ್ ನೋಟ್ ಇವೆ, ಒಂದೊಂದೂ ಅರ್ಧ ನಿಮಿಷದ ರಿಫ್ಫು. ಲಾಕ್‌ಡೌನಿನಲ್ಲಿ ಅದರಲ್ಲಿ ಒಂದಕ್ಕೆ ನಾವು ಕನ್ನಡದಲ್ಲಿ ಸಾಹಿತ್ಯ ಬರೆದು, ನಾಲ್ಕು ಊರಿಂದ ನಾಲ್ಕು ಟ್ರ್ಯಾಕ್ ರೆಕಾರ್ಡ್ ಮಾಡಿ ಹೊಂದಿಸಿದ್ವಿ.

ಅದನ್ನ ಒಂದು ಆನ್‌ಲೈನ್ ಫೆಸ್ಟಿನ ಸ್ವಂತ ರಚನೆ ವಿಭಾಗಕ್ಕೆ ಕಳಿಸೋಣ ಅಂದ್ರೆ ನಿಯಮ ಅಡ್ಡ ಬಂತು: ರಚನೆ ಮಾಡಿದವರೆಲ್ಲ ಈಗ ಓದ್ತಿರೋ ವಿದ್ಯಾರ್ಥಿಗಳೇ ಆಗಿರಬೇಕು. ಅವನಿಗೆ ಕೇಳಿದ್ರೆ, "ನಿಮ್ಮ ಹೆಸರೇ ಹಾಕ್ಕೊಳ್ರೋ, ನಂಗ್ಯಾಕೆ" ಅಂದ. ಇಬ್ಬರು ಸರಿ ಅಂದ್ವಿ, ಅವನೇ ಒಪ್ಪಿದಾನಲ್ಲ. ಇನ್ನಿಬ್ಬರು ಒಪ್ಪಲಿಲ್ಲ. ಮೂರು ದಿನ ಗುಂಪಿನಲ್ಲಿ ಮಾತೇ ಇಲ್ಲ. 'ಪವರ್ ಅಪ್' ಬಂದದ್ದು ಆ ಮೂರು ದಿನದ ಮಧ್ಯೆ. ಆ ಎರಡು ಹೆಸರಿನ ಸ್ಕ್ರೀನ್‌ಶಾಟ್ ಯಾರೋ ಗುಂಪಿಗೆ ಹಾಕಿದ್ರು, ಜೊತೆಗೆ ಒಂದಕ್ಷರ ಬರೆದಿರಲಿಲ್ಲ.

ಫಾರ್ಮಿನಲ್ಲಿ ಐದು ಹೆಸರು ಹಾಕಿ ಕಳಿಸಿದ್ವಿ, ಅವನದ್ದೇ ಮೊದಲು, ಮುಂದೆ '2020ರಲ್ಲಿ ಪಾಸಾದವರು' ಅಂತ ಬರೆದು. ತಳ್ಳಿಹಾಕೋದೇ ಜಾಸ್ತಿ. ಉತ್ತರ ಇನ್ನೂ ಬಂದಿಲ್ಲ. ಈಗ ಎರಡನೇ ಹಾಡಿಗೆ ಕೂತಿದೀವಿ, 17ನೇ ವಾಯ್ಸ್ ನೋಟು. ಮೂರನೇ ಕಾರ್ಡು ಯಾವುದು ಅಂತ ಗೊತ್ತಾಗ್ತಿಲ್ಲ, ಅಷ್ಟು ಹೊತ್ತಿಗೆ ಸರಿಯಾಗಿ ಹಿಂದೆ ಮಿಕ್ಸಿ ಶುರುವಾಗುತ್ತೆ. ಅವನು ಅಂಗಡಿ ಬಾಗಿಲು ಹಾಕೋದು ರಾತ್ರಿ ಒಂಬತ್ತಕ್ಕೆ. ಆಮೇಲೆ ಫೋನ್ ಮಾಡಿ ಕೇಳ್ಬೇಕು.